ಚಕ್ಕುಬಂದಿ

ಕೋರ್ಟು ನನ್ನನ್ನು ಕಮಿಷನರನೆಂದು ಕಳಿಸಿದ್ದು
ಒಂದೇ ಒಂದು ಮಾತಿಗೆ:
ವಾದಿಯ ಜಮೀನಿನ ಮೇಲೆ
ಪ್ರತಿವಾದಿಯ ಧೂಳು ಬೀಳುವುದು ಹೌದೋ, ಅಲ್ಲವೋ.
ಭತ್ಯೆ ಎರಡು ಸಾವಿರ. ಅರಸೀಕೆರೆಯಿಂದ ಆಟೋ,
ಕೊನೆಯ ಎರಡು ಮೈಲಿ ಜಲ್ಲಿ ಲಾರಿಯ ಜಾಡಿನಲ್ಲಿ ನಡಿಗೆ.

ನೋಟಿಸು ಮೂರು ದಿನ ಮೊದಲೇ ಮುಟ್ಟಿತ್ತಲ್ಲ,
ಕ್ರಷರು ಅಂದು ಮೌನವ್ರತ ಹಿಡಿದಿತ್ತು.
ಬೆಲ್ಟು ನಿಂತಿತ್ತು. ಟ್ಯಾಂಕರು ನೀರು ಚಿಮುಕಿಸಿ
ಮದುವೆ ಮನೆಯ ಅಂಗಳದ ಹಾಗೆ ಇಟ್ಟಿತ್ತು ದಾರಿಯನ್ನು.
ಮೇಸ್ತ್ರಿ ಎಳನೀರು ಕೊಚ್ಚಿ ಹಿಡಿದ. ಬೇಡ ಅಂದೆ.
ಬಾಯಾರಿತ್ತು.

ವಾದಿ ಓಂಕಾರಮ್ಮ. ಸರ್ವೆ ನಂಬರು ಎಂಬತ್ತೇಳರ ಎರಡು,
ಒಂದೆಕರೆ ಹದಿನಾಲ್ಕು ಗುಂಟೆ ಹಿಪ್ಪುನೇರಳೆ.
ಮಾವನ ಕಾಲದ ಕ್ರಯಪತ್ರ ತಂದರು,
ಮಡಿಕೆ ಮಡಿಕೆಗೆ ಹರಿದದ್ದು.
ಚಕ್ಕುಬಂದಿ ಓದಿದೆ:
ಪೂರ್ವಕ್ಕೆ ಹಳ್ಳ, ಉತ್ತರಕ್ಕೆ ಗಾಡಿ ಜಾಡು,
ದಕ್ಷಿಣಕ್ಕೆ ಮರುಳಪ್ಪನ ಖುಷ್ಕಿ,
ಪಶ್ಚಿಮಕ್ಕೆ ಸರ್ಕಾರಿ ಗುಡ್ಡ.
“ಮೇಲಕ್ಕೆ?” ಅಂದರು ಓಂಕಾರಮ್ಮ.
ಇಬ್ಬರೂ ಕತ್ತೆತ್ತಿದೆವು.
ಒಂದು ಹದ್ದು, ಯಾರನ್ನೂ ಕೇಳದೆ,
ಮರುಳಪ್ಪನ ಕಡೆಯಿಂದ ಹಳ್ಳದ ಕಡೆಗೆ ಹೋಯಿತು.

ಕೆಳಗೆ ಶಾನುಭೋಗರ ಮೋಡಿ ತಿರುವು:
ನಿಧಿ ನಿಕ್ಷೇಪ ಜಲ ಪಾಷಾಣ
ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ,
ಎಂಟೂ ಭೋಗ ಕೊಂಡವರದೇ, ಪುತ್ರ ಪೌತ್ರ ಪಾರಂಪರ್ಯ.
ಗಾಳಿ ಎಂಬ ಒಂಬತ್ತನೆಯದನ್ನು ಬರೆದಿಲ್ಲ.
ಹೊಳೆದಿರಲಿಕ್ಕಿಲ್ಲ ಪಾಪ;
ಉಸಿರಿಗೆ ಯಾರು ಛಾಪಾ ಕಾಗದ ಕೊಳ್ಳುತ್ತಾರೆ?

ಎದುರು ಪಕ್ಷದ ರಂಗಧಾಮಯ್ಯನವರು ಕೊಡೆ ಊರಿ ನಿಂತಿದ್ದರು:
“ಗಾಳಿ ನನ್ನ ಕಕ್ಷಿದಾರರ ಸಂಬಳದ ಆಳಲ್ಲ, ಬರಕೊಳ್ಳಿ.
ಪಾಷಾಣ ಆಕೆಯದೇ ಅಂತ ಪತ್ರವೇ ಹೇಳತ್ತಲ್ಲ,
ಬಿದ್ದದ್ದನ್ನು ಇಟ್ಟುಕೊಳ್ಳಲಿ.”
ನಾನೂ ನಕ್ಕೆ. ಮೂರು ವರ್ಷದ ಕೋಟು ನನ್ನದು,
ಹಿರಿಯರ ಹಾಸ್ಯಕ್ಕೆ ನಗುವುದು ರೂಢಿಯಾಗಿದೆ.
ಓಂಕಾರಮ್ಮ ನಗಲಿಲ್ಲ.
“ಪಾಷಾಣ ಅಂದ್ರೆ ನಮ್ ಕಡೆ ಇಲಿಗೆ ಇಡೋದು” ಅಂದು
ಹುಳುಮನೆಯ ಬಾಗಿಲು ತೆಗೆದರು.

ತಟ್ಟೆ ತಟ್ಟೆಯಲ್ಲಿ ನಾಲ್ಕನೇ ಜ್ವರಕ್ಕೆ ಹೋದ ಹುಳು,
ತಲೆಯೆತ್ತಿ ನಿಂತದ್ದು ನಿಂತ ಹಾಗೇ.
ಏಳುವ ಹೊತ್ತು ಮೀರಿ ಎರಡು ದಿನ.
ಎದ್ದ ಕೆಲವು ಸೊಪ್ಪಿನ ಅಂಚು ಮುಟ್ಟಿ
ಪಕ್ಕಕ್ಕೆ ಸರಿಯುತ್ತವೆ.
ತೊಳೆದು ಹಾಕಬಾರದೇ? ಕೇಳಿದೆ.
“ತೊಳುದ್ರೆ ತೇವ, ತೇವಕ್ಕೆ ಸಪ್ಪೆರೋಗ.
ಬಿಟ್ರೆ ಕಲ್ಲು ತಿನ್ಸಿದಂಗೆ. ನೀವೇ ಹೇಳಿ, ಓದಿರೋರು.”

ಆಮೇಲೆ ಒಂದು ನೋಟುಬುಕ್ಕು ಬಂತು.
ಮಗಳ ಏಳನೇ ಕ್ಲಾಸಿನದು, ಮೊದಲ ಪುಟಗಳಲ್ಲಿ ಲಸಾಅ, ಮಸಾಅ.
ಅಲ್ಲಿಂದ ಮುಂದೆ ಪುಟಕ್ಕೊಂದು ಸೆಲ್ಲೋಟೇಪಿನ ತುಂಡು:
ದಿನಾ ಸಂಜೆ ಆರನೇ ಸಾಲಿನ ಒಂದೆಲೆಗೆ ಒತ್ತಿ ಕಿತ್ತು
ಅಂಟಿಸಿದ್ದು. ತಾರೀಖು. ಗಾಳಿ ಯಾವ ಕಡೆಯದು.
ಮೂಡಗಾಳಿಯ ದಿನ ಮಬ್ಬು.
ಆಷಾಢದ ಪಡುಗಾಳಿಯಲ್ಲಿ ಟೇಪೇ ಕಾಣದು, ಬರೀ ಬೂದಿ ಬಣ್ಣ.
ಆಯುಧಪೂಜೆಗೆ ಯಂತ್ರಕ್ಕೆ ಕುಂಬಳಕಾಯಿ ಒಡೆದು ನಿಲ್ಲಿಸಿದ
ಎರಡು ದಿನದ ಪುಟ ಮಾತ್ರ
ಗಾಜಿನ ಹಾಗೆ, ಹಿಂದಿನ ಗೆರೆಗಳು ಎಣಿಸುವಷ್ಟು ಸ್ಪಷ್ಟ.
ರಂಗಧಾಮಯ್ಯನವರು ಕನ್ನಡಕ ತೆಗೆದು ಒರೆಸಿದರು,
ಮತ್ತೆ ಹಾಕಿಕೊಂಡರು, ಏನೂ ಹೇಳಲಿಲ್ಲ.

ಗಡಿ ಅಳೆಯಲು ಪಡುವಲಿಗೆ ನಡೆದೆ.
ಪತ್ರದಲ್ಲಿರುವ ಗುಡ್ಡ ಅಲ್ಲಿರಲಿಲ್ಲ;
ಅರ್ಧ ಲಾರಿ ಹತ್ತಿ ಹೋಗಿದೆ, ಉಳಿದರ್ಧ ಹೊಂಡ.
ರಾತ್ರಿ ಕೂತು ವರದಿ ಬರೆದೆ, ಮೂರು ಸಲ ಹರಿದೆ,
ಕೊನೆಗೆ ಉಳಿದದ್ದು ಇಷ್ಟು:
‘ಪಶ್ಚಿಮದ ಚಕ್ಕುಬಂದಿ ಸ್ಥಳದಲ್ಲಿ ಕಂಡುಬರಲಿಲ್ಲ.
ಅದರ ಸ್ವಲ್ಪ ಭಾಗ
ವಾದಿಯ ಎಲೆಗಳ ಮೇಲೆ ಇರುವುದನ್ನು ನೋಡಿದ್ದೇನೆ.’

ನೋಟುಬುಕ್ಕಿಗೆ ನಿಶಾನೆ ಪಿ ಒಂಬತ್ತು ಎಂದು ಗುರುತು ಬಿತ್ತು.
ಆಕ್ಷೇಪಣೆಗೆ ಕಾಲಾವಕಾಶ, ಮುಂದಿನ ದಿನಾಂಕ
ನಲವತ್ತೈದು ದಿನಕ್ಕೆ.

ಜಗುಲಿಯಲ್ಲಿ ಓಂಕಾರಮ್ಮ ಬೆರಳು ಮಡಿಸುತ್ತಿದ್ದರು.
ಮೊಟ್ಟೆ ಒಡೆದು ಗೂಡು ಕಟ್ಟುವತನಕ
ಹುಳುವಿನ ಆಯುಸ್ಸೆಲ್ಲ ಇಪ್ಪತ್ತೆಂಟು ದಿನ.
“ಸಾರ್, ತಡೆಯಾಜ್ಞೆ ಯಾವಾಗ ಸಿಗಬಹುದು?
ಮೊಟ್ಟೆ ಯಾವತ್ತು ತರ್ಲಿ?”